ಕಡಲೊಳಗಿನ ಹವಳದ ಊರು

ಹವಳವೆಂದೊಡನೆ ಮಕ್ಕಳಿಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ. ಆಭರಣದ ಆ ಹವಳ ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ್ದು. ನಮ್ಮ ಕಡಲುಗಳಲ್ಲಿ ದಿಬ್ಬಗಳನ್ನು ಕಟ್ಟುವ ಹವಳದ ಜಾತಿಯೇ ಬೇರೆ. ಅದು ಕಲ್ಲೋ, ಗಿಡವೋ, ಪ್ರಾಣಿಯೋ? ಮೊದಲು ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕು. ಮೂರು ಉತ್ತರಗಳಲ್ಲಿಯೂ ಒಂದಿಷ್ಟು ಸತ್ಯವಿರುವುದೇ ಇಲ್ಲಿಯ ಸ್ವಾರಸ್ಯ.

ಹವಳವು ಮೂಲತಃ ಪ್ರಾಣಿ. ಪಾಲಿಪ್ ಎಂಬ ಈ ಮೆದು ಜೀವಿಗೆ ಚೀಲದಂತಹ ದೇಹ, ಒಂದೇ ಬಾಯಿ, ಅದರ ಸುತ್ತ ಕುಟುಕುವ ಎಳೆಗಳು. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಅನ್ನು ಬಳಸಿ ಅದು ತನ್ನ ಬುಡದಲ್ಲಿ ಸುಣ್ಣಕಲ್ಲಿನ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಜೀವಿ ಅಳಿದರೂ ಬಟ್ಟಲು ಉಳಿಯುತ್ತದೆ. ಅದರ ಮೇಲೆ ಮುಂದಿನ ಪೀಳಿಗೆಯ ಮನೆ ಏಳುತ್ತದೆ. ಬಂಡೆಯಾಕಾರದ ಹವಳವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ, ಆಳೆತ್ತರದ ಬಂಡೆಗೆ ಶತಮಾನಕ್ಕೂ ಮಿಕ್ಕಿದ ವಯಸ್ಸು.

ಪಾಲಿಪ್‌ನ ದೇಹದೊಳಗೆ ಸೂಕ್ಷ್ಮ ಪಾಚಿಯ ವಾಸ. ಬಿಸಿಲಿನಲ್ಲಿ ತಾನು ತಯಾರಿಸಿದ ಆಹಾರದ ಬಹುಪಾಲನ್ನು ಪಾಚಿಯು ಮನೆಯೊಡೆಯನಿಗೇ ಒಪ್ಪಿಸುತ್ತದೆ. ಇಷ್ಟು ದುಬಾರಿ ಬಾಡಿಗೆ ಮುಂಬಯಿಯಲ್ಲಿಯೂ ಇರಲಾರದು! ಹವಳದ ಬಣ್ಣಕ್ಕೂ ಮುಖ್ಯವಾಗಿ ಈ ಪಾಚಿಯೇ ಕಾರಣ. ಬೆಳಕು ಬೇಕಾದುದರಿಂದಲೇ ದಿಬ್ಬಗಳು ತಿಳಿಯಾದ, ಆಳವಿಲ್ಲದ, ಬೆಚ್ಚನೆಯ ನೀರಿನಲ್ಲಿ ಬೆಳೆಯುತ್ತವೆ.

ಸಾಗರತಳದ ಶೇಕಡಾ 1ಕ್ಕಿಂತಲೂ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲಜೀವಿಗಳ ಸುಮಾರು ಕಾಲು ಭಾಗದಷ್ಟು ಪ್ರಭೇದಗಳಿಗೆ ಆಸರೆ. ಗಿಳಿಮೀನು ಪಾಚಿಗಾಗಿ ಹವಳವನ್ನು ಕೆರೆದು ತಿಂದು, ಸುಣ್ಣವನ್ನು ಮರಳಾಗಿ ವಿಸರ್ಜಿಸುತ್ತದೆ. ಹವಳದ್ವೀಪಗಳ ಬೆಳ್ಳನೆಯ ಮರಳಿನಲ್ಲಿ ಎಷ್ಟೋ ಪಾಲು ಅದರ ಹೊಟ್ಟೆಯಿಂದ ಬಂದುದೆಂದರೆ ಮಕ್ಕಳು ನಗದೆ ಇರಲಾರರು.

ನೀರು ಮಿತಿಮೀರಿ ಬಿಸಿಯಾದರೆ ಪಾಲಿಪ್ ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ತಾಪ ಬೇಗನೆ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಮನ್ನಾರ್ ಕೊಲ್ಲಿಯಲ್ಲಿ ಕೇಡು ಇನ್ನೂ ಹಳೆಯದು. ಸುಣ್ಣಕ್ಕೂ ಕಟ್ಟಡಕ್ಕೂ ಹವಳವನ್ನು ಅಗೆದು ಸಾಗಿಸಿದ್ದರಿಂದ ಅಲೆಗಳಿಗೆ ತಡೆಯಿಲ್ಲದಾಗಿ, ಅಲ್ಲಿಯ 21 ದ್ವೀಪಗಳಲ್ಲಿ ಎರಡು ನೀರಿನಡಿ ಸೇರಿದವು. 1986ರಲ್ಲಿ ಅದು ಸಾಗರ ರಾಷ್ಟ್ರೀಯ ಉದ್ಯಾನವಾಯಿತು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು.

ಉತ್ತರ ಕನ್ನಡದ ನೇತ್ರಾಣಿಯ ಸುತ್ತಲೂ ಹವಳಗಳುಂಟು. ಆದರೆ ನೋಡಲು ನೀರಿಗಿಳಿಯಬೇಕು. ಈಜು ಬಾರದ ಮಕ್ಕಳಿಗೆ ಗುಜರಾತಿನ ಜಾಮನಗರದ ಬಳಿಯ ನರಾರಾ ಅನುಕೂಲ. ಅಲ್ಲಿ ಇಳಿತದ ವೇಳೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾರ್ಗದರ್ಶಕರೊಡನೆ ಮೊಣಕಾಲು ಮುಳುಗದ ನೀರಿನಲ್ಲಿಯೇ ನಡೆದು ಜೀವಂತ ಹವಳವನ್ನು ಕಾಣಬಹುದು. ಹಳೆಯ ಬೂಟು ಧರಿಸಿ, ಬರಿಯ ಮರಳಿನ ಮೇಲಷ್ಟೇ ಕಾಲಿಟ್ಟು, ಭರತವೇರುವ ಮುನ್ನ ದಡ ಸೇರಬೇಕು.