ಬೀದಿ ಸರ್ಕ್ಯೂಟಿಗೆ ಮಗನನ್ನು ಕರೆದೊಯ್ಯುವ ಅಮ್ಮಂದಿರಿಗೆ

ಮೆಡಿಕಲ್ ಸೆಂಟರಿನ ಬಾಗಿಲಲ್ಲಿ ನಾನು ಕೂಗಾಡಿದೆ ಎಂಬ ಸುದ್ದಿ ಚೆನ್ನೈಯಿಂದ ಬೆಂಗಳೂರಿಗೆ ನನಗಿಂತ ಮುಂಚೆಯೇ ಬಂದು ತಲುಪಿತ್ತು. ಕಾರ್ಟಿಂಗ್ ಟ್ರ್ಯಾಕಿನಲ್ಲಿ ಸಿಗುವ ಅಪ್ಪಂದಿರು ಈಗಲೂ ನನ್ನನ್ನು ಕಂಡರೆ ಮುಸಿಮುಸಿ ನಗುತ್ತಾರೆ. ಕೂಗಾಡಿದ್ದು ನಿಜ. ಅಂಥದೇ ಹೊತ್ತು ಬಂದರೆ ಮತ್ತೆ ಕೂಗಾಡುತ್ತೇನೆ. ಆದರೆ ಕೂಗಾಡುವ ಹಾಗೆ ಆದದ್ದು ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ. ಮಕ್ಕಳನ್ನು ಫಾರ್ಮುಲಾ ಫೋರ್ ಕಾರಿಗೆ ಹತ್ತಿಸಲು ಹೊರಟಿರುವ ಬೇರೆ ಅಮ್ಮಂದಿರಿಗೆ ಇದರಿಂದ ಒಂದಿಷ್ಟು ಉಪಯೋಗವಾದರೆ ಆಗಲಿ.

2024ರ ಆಗಸ್ಟ್ 31, ಸೆಪ್ಟೆಂಬರ್ 1. ಚೆನ್ನೈ ಬೀದಿಗಳಲ್ಲಿ ರಾತ್ರಿ ದೀಪದಡಿ ನಡೆದ ರೇಸ್. ಅಸಲಿಗೆ ಅದು 2023ರ ಡಿಸೆಂಬರಿನಲ್ಲೇ ಆಗಬೇಕಿತ್ತು. ಮಿಚಾಂಗ್ ಚಂಡಮಾರುತ ಬಂದು ಊರೆಲ್ಲ ನೀರಾದ ಮೇಲೆ ಮುಂದಕ್ಕೆ ಹೋಯಿತು. ಐಲ್ಯಾಂಡ್ ಗ್ರೌಂಡ್ಸ್ ಸುತ್ತ 3.5 ಕಿಲೋಮೀಟರ್, 19 ತಿರುವು. ಫ್ಲ್ಯಾಗ್‌ಸ್ಟಾಫ್ ರಸ್ತೆ, ಅಣ್ಣಾ ಸಾಲೈ, ಸ್ವಾಮಿ ಶಿವಾನಂದ ಸಾಲೈ, ನೇಪಿಯರ್ ಸೇತುವೆಯ ಬಳಿ, ಹೀಗೆ ವಾರದ ದಿನಗಳಲ್ಲಿ ಎಂಟಿಸಿ ಬಸ್ಸು ಓಡಾಡುವ ಜಾಗವೇ. ಎರಡೂ ಬದಿಗೆ ಕಾಂಕ್ರೀಟ್ ಗೋಡೆ, ಅದರ ಮೇಲೆ ಬಲೆ. ಸ್ಕೂಟರ್ ಲೈಸೆನ್ಸ್ ಕೊಡದ ವಯಸ್ಸಿನ ಹುಡುಗನಿಗೆ ಅಲ್ಲಿ ಗಂಟೆಗೆ 200 ಕಿಲೋಮೀಟರ್ ಹತ್ತಿರ ಓಡಿಸಲು ಅನುಮತಿ ಇತ್ತು. ಫಾರ್ಮುಲಾ ಫೋರ್‌ಗೆ 15 ವರ್ಷ ತುಂಬಿದ್ದರೆ ಸಾಕು. ಇದನ್ನು ಹೇಳಿದರೆ ನಮ್ಮ ಬೀದಿಯ ಹಾಲಿನವನು ಇವತ್ತಿಗೂ ನಂಬುವುದಿಲ್ಲ.

ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಮಗ ತಪ್ಪು ಮಾಡಿದರೆ ಹುಲ್ಲಿಗೆ ಹೋಗುತ್ತಾನೆ, ಮಣ್ಣು ಮೆತ್ತಿಕೊಂಡು ವಾಪಸ್ ಬರುತ್ತಾನೆ. ಮುಂದಿನ ಸುತ್ತಿನಲ್ಲಿ ಬ್ರೇಕು ಒಂದಿಷ್ಟು ಮುಂಚೆ ಒತ್ತುತ್ತಾನೆ. ಕಲಿಯುವುದೇ ಹಾಗೆ. ಬೀದಿಯಲ್ಲಿ ಹುಲ್ಲಿಲ್ಲ. ಮೊದಲ ತಪ್ಪಿಗೇ ಗೋಡೆ, ಗೋಡೆಯಾದ ಮೇಲೆ ಆ ದಿನದ ಕಲಿಕೆ ಮುಗಿಯಿತು. ಮುಂಚೆ ಹೋಗಿ ಅಭ್ಯಾಸ ಮಾಡಿಬರೋಣ ಎಂದರೆ ಟ್ರ್ಯಾಕೇ ಇರುವುದಿಲ್ಲ. ಹಾಗಾಗಿ ಕಾಲ್ನಡಿಗೆಯಲ್ಲಿ ಟ್ರ್ಯಾಕ್ ಸುತ್ತುವ ಅವಕಾಶ ಸಿಕ್ಕಾಗ ಮಗ ಮೊಬೈಲಿನಲ್ಲಿ ರೀಲ್ಸ್ ತೆಗೆಯುತ್ತಾ ನಡೆಯದಂತೆ ನೋಡಿಕೊಳ್ಳಿ. ನಮ್ಮವನ ಎಂಜಿನಿಯರ್ ಅವನನ್ನು ಅಲ್ಲಲ್ಲಿ ನಿಲ್ಲಿಸಿ, ರಸ್ತೆಗೆ ಬಳಿದ ಬಿಳಿ ಪಟ್ಟೆಯ ಮೇಲೆ ಶೂ ಉಜ್ಜಿಸಿ ಜಾರುತ್ತದಾ ನೋಡು ಎಂದ. ಮ್ಯಾನ್‌ಹೋಲ್ ಮುಚ್ಚಳಗಳ ಜಾಗ ಗುರುತು ಹಾಕಿಸಿದ. ಮಳೆನೀರು ಹರಿಯಲೆಂದು ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದಲ್ಲ, ಆ ಇಳಿಜಾರಿಗೆ ಬ್ರೇಕ್ ಹಾಕಿದರೆ ಒಳಗಿನ ಮುಂಚಕ್ರ ಲಾಕ್ ಆಗುತ್ತದೆ ಎಂದು ತೋರಿಸಿದ. ನಾನು ಹಿಂದೆ ಹಿಂದೆಯೇ ನಡೆಯುತ್ತಿದ್ದೆ. ಕೆಲವು ಕಡೆ ಎರಡು ಗೋಡೆಗಳ ನಡುವೆ ನಿಂತಾಗ ಆಚೆ ಏನೂ ಕಾಣುವುದಿಲ್ಲ. ಕೂತು ನೋಡು ಅಮ್ಮ, ಕಾರಿನೊಳಗಿಂದ ಇನ್ನೂ ಕಮ್ಮಿ ಕಾಣುತ್ತೆ ಎಂದ ಮಗ. ನಾನು ಕೂರಲಿಲ್ಲ.

ಇನ್ನು ಭಾವನವರ ವಿಷಯ. ಇದನ್ನು ಬರೆದರೆ ಮನೆಯಲ್ಲಿ ಮಾತು ಬರುತ್ತದೆ, ಬರಲಿ. ನಮ್ಮನೆಯವರ ಅಣ್ಣ ಹುಡುಗುತನದಲ್ಲಿ ಶೋಳಾವರಂ ಏರ್‌ಸ್ಟ್ರಿಪ್ಪಿನಲ್ಲಿ ಬೈಕ್ ಓಡಿಸಿದವರು. ಅಲ್ಲಿ ತಿರುವಿಗೆ ಹುಲ್ಲಿನ ಪೆಂಡಿ ಇಟ್ಟು ರೇಸ್ ಮಾಡುತ್ತಿದ್ದ ಕಾಲ ಅದು. ಮಗನಿಗೆ ದೊಡ್ಡಪ್ಪ ಎಂದರೆ ಪ್ರಾಣ, ಮೊದಲ ಕಾರ್ಟ್‌ನಲ್ಲಿ ಕೂರಿಸಿದ್ದೇ ಅವರು. ಆ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಶನಿವಾರ ಬೆಳಗಿನಿಂದ ರಾತ್ರಿಯವರೆಗೆ ಅವರು ಮಗನ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಎದ್ದವರಲ್ಲ.

ಶನಿವಾರ ಪೂರ್ತಿ ಕಾಯುವುದರಲ್ಲೇ ಹೋಯಿತು. ಬೀದಿ ಟ್ರ್ಯಾಕನ್ನು ಗೋಡೆ, ಬಲೆ, ದೀಪ ಎಲ್ಲ ನಿಲ್ಲಿಸಿದ ಮೇಲೆಯೇ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಕಡೆಯವರು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಮಳೆ ಬಂದು ಕೆಲಸ ತಡವಾಯಿತು, ಪತ್ರವೂ ತಡವಾಯಿತು. ರೇಸಿನ ವಿಷಯ ಹೈಕೋರ್ಟಿನ ಮುಂದೆಯೂ ಇದ್ದುದರಿಂದ ಪ್ಯಾಡಕ್ಕಿನಲ್ಲಿ ಗಂಟೆಗೊಂದು ವದಂತಿ. ಮಗ ರೇಸ್ ಸೂಟನ್ನು ಸೊಂಟದವರೆಗೆ ಇಳಿಸಿ ತೋಳುಗಳನ್ನು ಗಂಟು ಹಾಕಿಕೊಂಡು ಕೂರುತ್ತಿದ್ದ. ಇನ್ನೇನು ಕರೆಯುತ್ತಾರೆ ಎಂದರೆ ಏರಿಸಿಕೊಳ್ಳುತ್ತಿದ್ದ, ಮತ್ತೆ ಇಳಿಸುತ್ತಿದ್ದ. ಚೆನ್ನೈಯ ಆ ಸೆಕೆಯಲ್ಲಿ ಬೆಂಕಿ ತಡೆಯುವ ಬಟ್ಟೆಯೊಳಗೆ ಸುಮ್ಮನೆ ಕೂತವನಿಗೂ ಬೆವರು ಇಳಿಯುತ್ತದೆ. ಓಆರ್‌ಎಸ್, ಬಾಳೆಹಣ್ಣು, ಮೊಸರನ್ನ, ಐಸ್‌ಬಾಕ್ಸಿನಲ್ಲಿ ಒದ್ದೆ ಟವೆಲ್ಲು ನಾನು ಒಯ್ದಿದ್ದೆ. ಅವನ್ನು ನೋಡಿ ಪಿಕ್ನಿಕ್ಕಾ ಎಂದು ನಕ್ಕವರೇ ಸಂಜೆ ಬಂದು ಟವೆಲ್ ಕೇಳಿದರು. ಹೆಲ್ಮೆಟ್ಟಿಗೆ ಬಣ್ಣವಿಲ್ಲದ ಗಾಜನ್ನೂ ಮರೆಯದೆ ಒಯ್ಯಿರಿ, ರಾತ್ರಿಗೆ ಕಪ್ಪು ಗಾಜು ದಂಡ.

ಅಷ್ಟು ಹೊತ್ತು ಸುಮ್ಮನೆ ಕೂತ ಹುಡುಗನ ಕಿವಿಗೆ ಭಾವನವರು ಒಂದೇ ಮಾತನ್ನು ತುಂಬುತ್ತಿದ್ದರು. ಗೋಡೆಗೆ ಹೆದರುವವನು ಬೀದಿಯಲ್ಲಿ ಗೆಲ್ಲುವುದಿಲ್ಲ, ಗೋಡೆ ನಿನ್ನ ಸ್ನೇಹಿತ. ಹುಲ್ಲಿನ ಪೆಂಡಿ ಸ್ನೇಹಿತ ಇದ್ದೀತು. ಕಾಂಕ್ರೀಟು ಯಾರ ಸ್ನೇಹಿತ?

ರಾತ್ರಿ ತಡವಾಗಿ ಅಂತೂ ಪ್ರಾಕ್ಟೀಸಿಗೆ ಬಿಟ್ಟರು. ಮಗ ಚೆನ್ನಾಗಿಯೇ ಓಡಿಸಿದ. ವಾಪಸ್ ಬಂದಾಗ ಹಿಂದಿನ ಬಲಟೈರಿನ ಬದಿಯ ಮೇಲೆ ಅಚ್ಚಾದ ಅಕ್ಷರಗಳು ಅರ್ಧ ಅಳಿಸಿ ಸುಣ್ಣ ಸವರಿದ ಹಾಗೆ ಬಿಳಿ ಬಣ್ಣ ಹತ್ತಿತ್ತು. ಗೋಡೆ ತಾಗಿದ ಗುರುತು. ಭಾವನವರು ಫೋಟೋ ತೆಗೆದು, ಗೋಡೆಗೆ ಮುತ್ತಿಟ್ಟು ಬಂದಿದ್ದಾನೆ ನಮ್ಮ ಹುಡುಗ ಎಂದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಮಂಡ್ಯ, ಹಾಸನದಿಂದೆಲ್ಲ ಚಪ್ಪಾಳೆ ಬಂದವು. ಎಂಜಿನಿಯರ್ ಮಾತ್ರ ಬಗ್ಗಿ ನೋಡಿ, ಹೆಬ್ಬೆರಳಿನಿಂದ ಆ ಬಣ್ಣ ಒರೆಸಿ, ಏನೂ ಮಾತಾಡದೆ ಲ್ಯಾಪ್‌ಟಾಪಿನ ಕಡೆ ಹೋದ. ನಾನು ಮಗನ ಮುಖ ನೋಡಿದೆ. ಅವನು ದೊಡ್ಡಪ್ಪನ ಮೊಬೈಲನ್ನು ನೋಡುತ್ತಿದ್ದ. ಆಗಲೇ ನನಗೆ ಗೊತ್ತಾಯಿತು.

ಭಾನುವಾರ ಅರ್ಹತಾ ಸುತ್ತು. ಬೀದಿ ರೇಸಿನಲ್ಲಿ ಹಿಂದೆ ಹಾಕಲು ಜಾಗ ಸಿಗುವುದು ಅಪರೂಪ, ಆದ್ದರಿಂದ ಎಲ್ಲಿಂದ ಹೊರಡುತ್ತೀರಿ ಎಂಬುದೇ ಅರ್ಧ ಫಲಿತಾಂಶ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದದ್ದು ಗೊತ್ತಲ್ಲ. ಅರ್ಹತೆಯಲ್ಲಿ ಹತ್ತನೆಯವನಾಗಿದ್ದ. ಸ್ಪ್ರಿಂಟಿಗೆ ಮೊದಲ ಹತ್ತು ಮಂದಿಯನ್ನು ತಿರುಗಿಸಿ ನಿಲ್ಲಿಸುತ್ತಾರೆ, ಹಾಗಾಗಿ ಎಲ್ಲರಿಗಿಂತ ಮುಂದಿನ ಜಾಗ ಸಿಕ್ಕಿತು, ಅಲ್ಲಿಂದ ಹೊರಟು ಕೊನೆಯವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಆ ಹುಡುಗ ಮೊದಲು ಮಾಡಿದ ಜಾಣತನವೆಂದರೆ ಅರ್ಹತೆಯಲ್ಲಿ ಕಾರನ್ನು ಇಡಿಯಾಗಿ ವಾಪಸ್ ತಂದದ್ದು. ಭಾವನವರು ಗೆಲುವನ್ನಷ್ಟೇ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ.

ನಾವು ಡೇರೆಯೊಳಗೆ ಟೈಮಿಂಗ್ ಸ್ಕ್ರೀನ್ ಮುಂದೆ ನಿಂತಿದ್ದೆವು. ಕಾರು ಕಣ್ಣಿಗೆ ಬೀಳುವುದಿಲ್ಲ. ಸದ್ದು ಗೋಡೆಗೆ ಬಡಿದು ಎಲ್ಲ ದಿಕ್ಕಿನಿಂದಲೂ ಬರುತ್ತದೆ, ಯಾರ ಕಾರು ಎಲ್ಲಿದೆ ಎಂದು ತಿಳಿಯದು. ಸ್ಕ್ರೀನಿನಲ್ಲಿ ಟ್ರ್ಯಾಕನ್ನು ಮೂರು ಭಾಗ ಮಾಡಿ ಸಮಯ ತೋರಿಸುತ್ತಾರೆ. ಮಗನ ಹೆಸರಿನ ಮುಂದೆ ಮೊದಲ ಭಾಗ ಹಸಿರಾಯಿತು, ಅಂದರೆ ಅವನದೇ ಹಿಂದಿನ ಸಮಯಕ್ಕಿಂತ ವೇಗ. ನಮ್ಮನೆಯವರು ನನ್ನ ಭುಜ ಮುಟ್ಟಿದರು. ಎರಡನೆಯ ಭಾಗ ಬರಲಿಲ್ಲ. ಅವನ ಹಿಂದಿದ್ದವನ ಎರಡನೆಯ ಭಾಗ ಬಂತು. ಅವನ ಹಿಂದಿದ್ದವನದೂ ಬಂತು. ಆಮೇಲೆ ಸ್ಕ್ರೀನಿನ ಮೇಲ್ಭಾಗ ಕೆಂಪಾಯಿತು, ಅಂದರೆ ಎಲ್ಲರನ್ನೂ ನಿಲ್ಲಿಸಿದರು, ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ಒಂದೊಂದಾಗಿ ಇಳಿಯಿತು.

ಎಂಜಿನಿಯರ್ ಮೈಕಿನಲ್ಲಿ ಕೇಳಿದ, ಸರಿ ಇದ್ದೀಯಾ? ಉತ್ತರ ಬರಲಿಲ್ಲ. ಮತ್ತೆ ಕೇಳಿದ. ನನಗೆ ಹೆಡ್‌ಫೋನ್ ಇರಲಿಲ್ಲ, ಅವನ ಮುಖವೇ ನನ್ನ ರೇಡಿಯೋ. ಮೂರನೆಯ ಸಲ ಕೇಳುವಾಗ ಅವನು ನಮಗೆ ಬೆನ್ನು ಮಾಡಿದ. ನನ್ನ ತಲೆಯಲ್ಲಿ ಓಡಿದ್ದು 2018ರ ಮಕಾವ್ ವಿಡಿಯೋ. ಲಿಸ್ಬೋವಾ ತಿರುವಿನಲ್ಲಿ ಸೋಫಿಯಾ ಫ್ಲೋರ್ಷ್ ಎಂಬ 17 ವರ್ಷದ ಹುಡುಗಿಯ ಕಾರು ಗಾಳಿಗೆ ಹಾರಿ ಬಲೆಯಾಚೆ ಛಾಯಾಗ್ರಾಹಕರ ಅಟ್ಟಣೆಗೆ ಬಡಿದದ್ದು. ಬೆನ್ನುಮೂಳೆ ಮುರಿದರೂ ಅವಳು ಬದುಕಿದಳು, ಮತ್ತೆ ರೇಸಿಗೂ ಬಂದಳು. ಅದೆಲ್ಲ ನನಗೆ ಗೊತ್ತಿತ್ತು. ಆ ಕ್ಷಣಕ್ಕೆ ನೆನಪಾದದ್ದು ಹಾರಿದ್ದು ಮಾತ್ರ.

ನಡೆದದ್ದು ಇಷ್ಟು. ಶಿವಾನಂದ ಸಾಲೈ ಕಡೆಯ ಒಂದು ತಿರುವಿನಲ್ಲಿ ಒಳಗೋಡೆಯ ತುದಿಗೆ ಮುಂದಿನ ಚಕ್ರ ತಾಗಿದೆ. ಹಿಂದಿನ ರಾತ್ರಿ ತಾಗಿದಂತೆ ಸವರಿಕೊಂಡು ಹೋಗಲಿಲ್ಲ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸಲಾಕೆ ಬಾಗಿದೆ. ಆಮೇಲೆ ಸ್ಟೀರಿಂಗ್ ಎತ್ತ ತಿರುಗಿಸಿದರೇನು, ಕಾರು ನೇರ ಎದುರಿನ ಗೋಡೆಗೆ. ಈ ಕಾರುಗಳಿಗೆ ಪವರ್ ಸ್ಟೀರಿಂಗ್ ಇಲ್ಲ. ಚಕ್ರ ಗೋಡೆಗೆ ಬಡಿದ ಪೆಟ್ಟು ಪೂರ್ತಿ ಕೈಗೆ ಬರುತ್ತದೆ, ಅದಕ್ಕೇ ಡಿಕ್ಕಿ ತಪ್ಪದು ಎಂದು ಗೊತ್ತಾದ ಕೂಡಲೆ ಸ್ಟೀರಿಂಗ್ ಬಿಟ್ಟು ಕೈ ಎದೆಗೆ ತರಬೇಕು. ಇದನ್ನು ಮಗನಿಗೆ ಕಾರ್ಟಿಂಗ್ ಕಾಲದಿಂದ ಹೇಳಿಕೊಟ್ಟಿದ್ದರು. ಎಡಗೈ ಬಿಟ್ಟ, ಬಲಗೈ ಬಿಡಲಿಲ್ಲ. ರೇಡಿಯೋ ಯಾಕೆ ಮೌನವಾಗಿತ್ತು ಗೊತ್ತೇ? ಮಾತಾಡುವ ಗುಂಡಿ ಇರುವುದು ಸ್ಟೀರಿಂಗ್ ಮೇಲೆ. ಕಾರಿನಿಂದ ಹೊರಬರಲು ಮೊದಲು ಸ್ಟೀರಿಂಗನ್ನೇ ಕಳಚಬೇಕು. ಹುಡುಗ ಕಳಚಿ ಪಕ್ಕಕ್ಕಿಟ್ಟು, ತಲೆ ಕಾಯುವ ಹೇಲೋ ಬಳೆಯ ಮೇಲೆ ಕೈಯೂರಿ ತಾನೇ ಇಳಿದಿದ್ದ! ಇಷ್ಟನ್ನು ಯಾರಾದರೂ ಮುಂಚೆ ನನಗೆ ಹೇಳಿದ್ದರೆ ಆ ಕೆಲವು ನಿಮಿಷಗಳಲ್ಲಿ ನನ್ನ ಆಯುಸ್ಸು ಅಷ್ಟು ಕಮ್ಮಿಯಾಗುತ್ತಿರಲಿಲ್ಲ. ನೀವಾದರೂ ತಿಳಿದುಕೊಂಡಿರಿ, ಉತ್ತರ ಬರದಿದ್ದರೆ ಹುಡುಗ ಇಳಿಯುತ್ತಿರಬಹುದು.

ಜೋರಾಗಿ ಡಿಕ್ಕಿಯಾದರೆ ಹುಡುಗರನ್ನು ನೇರವಾಗಿ ಮೆಡಿಕಲ್ ಸೆಂಟರಿಗೆ ಒಯ್ಯುತ್ತಾರೆ, ಅದು ನಿಯಮ. ನಾನು ಓಡಿದೆ. ಬಾಗಿಲಲ್ಲಿದ್ದ ಅಧಿಕಾರಿ ನನ್ನ ಕೊರಳಿನ ಪಾಸ್ ನೋಡಿ ಈ ಬಣ್ಣಕ್ಕೆ ಪ್ರವೇಶವಿಲ್ಲ ಎಂದರು. ಒಳಗಿರುವವನು ಹದಿನೆಂಟು ತುಂಬದ ಹುಡುಗ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ತಾಯಿ ನಾನು ಎಂದೆ. ಪಾಸ್ ಮೇಡಂ ಎಂದರು. ಸಹಿ ಬೇಕಾದಾಗ ತಾಯಿ, ನೋಡಬೇಕಾದಾಗ ಪಾಸ್! ಅಲ್ಲಿಂದ ಮುಂದೆ ಯಾವ ಭಾಷೆಯಲ್ಲಿ ಏನು ಹೇಳಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಕನ್ನಡದಲ್ಲೇ ಶುರು ಮಾಡಿದ್ದೆ. ಗಲಾಟೆಗೆ ಒಳಗಿಂದ ವೈದ್ಯೆ ಬಂದು ಪರದೆ ಸರಿಸಿದರು. ಮಗ ಮಂಚದ ಅಂಚಿನಲ್ಲಿ ಕೂತು ನೂರರಿಂದ ಏಳೇಳು ಕಳೆಯುತ್ತಾ ಹಿಂದಕ್ಕೆ ಎಣಿಸುತ್ತಿದ್ದ. ತಲೆಗೆ ಪೆಟ್ಟಾಗಿದೆಯೇ ಎಂದು ನೋಡಲು ಹಾಗೆ ಕೇಳುತ್ತಾರಂತೆ. ತೊಂಬತ್ತಮೂರು, ಎಂಬತ್ತಾರು, ಎಂಬತ್ತು ಎಂದ. ವೈದ್ಯೆ ನನ್ನ ಮುಖ ನೋಡಿದರು. ಅವನಿಗೆ ಲೆಕ್ಕ ಯಾವಾಗಲೂ ಹೀಗೇ ಎಂದೆ. ಅವರು ನಕ್ಕರು, ನಾನು ಅಲ್ಲೇ ಕೂತುಬಿಟ್ಟೆ.

ಬಲಗೈ ಹೆಬ್ಬೆರಳಿನ ಬುಡ ಊದಿ, ಗ್ಲೌಸಿನ ಹೊಲಿಗೆಯ ಗೆರೆ ಚರ್ಮದ ಮೇಲೆ ಮೂಡಿತ್ತು. ಮೂಳೆ ಮುರಿದಿರಲಿಲ್ಲ. ಬ್ಯಾಂಡೇಜ್ ಸುತ್ತಿ, ಹಿಡಿತ ನೋಡಿ, ಓಡಿಸಬಹುದು ಎಂದರು. ಮೆಕ್ಯಾನಿಕ್ ಹುಡುಗರು ಆಗಲೇ ಮುಂದಿನ ರೆಕ್ಕೆ, ಮೂತಿ, ಸಸ್ಪೆನ್ಷನ್ ಕೈಗಳನ್ನು ಬಿಚ್ಚಿ ಹೊಸದು ಕೂರಿಸಲು ಶುರು ಮಾಡಿದ್ದರು. ಮುರಿದದ್ದಕ್ಕೆ ಹಣ ಯಾರು ಕೊಡಬೇಕು ಎಂಬ ಸಾಲು ಒಪ್ಪಂದದಲ್ಲಿ ಎಲ್ಲಿದೆ ಎಂದು ಸಹಿಗೆ ಮುಂಚೆಯೇ ಹುಡುಕಿ ಓದಿ. ನಮ್ಮದರ ಮೊತ್ತ ಬರೆಯಲು ಮನಸ್ಸಿಲ್ಲ.

ಆಗ ಭಾವನವರು ಹೇಳಿದ ಮಾತು ಕೇಳಿ. ಇವತ್ತು ಬೇಡಮ್ಮ, ಹುಡುಗ ಹೆದರಿದ್ದಾನೆ, ಕೈ ಬೇರೆ ನೋವು, ಕಾರನ್ನು ಅವಸರದಲ್ಲಿ ಜೋಡಿಸುತ್ತಿದ್ದಾರೆ, ಹೆತ್ತವಳಾಗಿ ನೀನು ತಡೆಯಬೇಕು. ಗೋಡೆ ಸ್ನೇಹಿತ ಎಂದವರೇ ಇವರು! ನಮ್ಮನೆಯವರು ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು, ಕಾಫಿ ತರುತ್ತೇನೆ ಎಂದು ಹೊರಟರು. ನಾನು ಮಗನನ್ನು ಒಬ್ಬನನ್ನೇ ಟೈರುಗಳ ಸಾಲಿನ ಹಿಂದೆ ಕರೆದುಕೊಂಡು ಹೋದೆ. ಓಡಿಸುತ್ತೀಯಾ ಎಂದೆ. ಓಡಿಸ್ತೀನಮ್ಮ ಎಂದ. ಗೋಡೆಯಿಂದ ಎಷ್ಟು ದೂರ ಎಂದೆ. ಎಂಜಿನಿಯರ್ ಹೇಳಿದಷ್ಟು ಎಂದ. ಸರಿ ಹೋಗು ಎಂದೆ.

ಇದಕ್ಕೂ ಜನ ಮಾತಾಡಿದರು. ಆಸ್ಪತ್ರೆಯ ಬಾಗಿಲಲ್ಲಿ ಅಷ್ಟು ಅತ್ತವಳು ಅದೇ ಸಂಜೆ ಮತ್ತೆ ಕಾರಿಗೆ ಹತ್ತಿಸಿದಳಂತೆ, ಎಂಥ ತಾಯಿ ಎಂದು. ಎರಡೂ ಒಂದೇ ತಾಯಿ. ವೈದ್ಯರು ಬೇಡ ಎಂದಿದ್ದರೆ ಅವನ ಕೈಕಾಲು ಕಟ್ಟಿಯಾದರೂ ಕೂರಿಸುತ್ತಿದ್ದೆ. ಅವರು ಆಗಬಹುದು ಎಂದ ಮೇಲೆ, ಆ ಗೋಡೆಯನ್ನು ಅವನು ತಲೆಯಲ್ಲಿಟ್ಟುಕೊಂಡು ಬೆಂಗಳೂರಿಗೆ ಬರುವುದು ನನಗೆ ಬೇಕಿರಲಿಲ್ಲ. ಹಿಂದಿನ ಸಾಲಿನಿಂದ ಹೊರಟ. ಯಾರನ್ನು ಹಿಂದೆ ಹಾಕಿದ, ಯಾರು ಬಿಟ್ಟುಹೋದರು, ಅದರಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ಕಾರನ್ನು ಇಡಿಯಾಗಿ ತಂದು ನಿಲ್ಲಿಸಿದ. ಎಂಜಿನಿಯರ್ ಬಂದು ನಾಲ್ಕೂ ಟೈರುಗಳ ಬದಿಯನ್ನು ಟಾರ್ಚ್ ಹಾಕಿ ನೋಡಿದ. ಎಲ್ಲೂ ಬಿಳಿ ಹತ್ತಿರಲಿಲ್ಲ. ಅದರ ಫೋಟೋ ಮಾತ್ರ ಯಾರೂ ಗುಂಪಿಗೆ ಹಾಕಲಿಲ್ಲ, ನಾನೇ ಹಾಕಿದೆ. ಮಂಡ್ಯದಿಂದ ಒಂದು ಹೆಬ್ಬೆರಳು ಬಂತು.

ಹೋಗುವವರಿಗೆ ಇನ್ನೆರಡು ಮಾತು. ಯಾವ ಬಣ್ಣದ ಪಾಸಿಗೆ ಯಾವ ಬಾಗಿಲು ತೆರೆಯುತ್ತದೆ ಎಂದು ಮೊದಲ ದಿನವೇ ಕೇಳಿ, ಮೆಡಿಕಲ್ ಸೆಂಟರಿಗೆ ತಂದೆತಾಯಿಯಲ್ಲಿ ಒಬ್ಬರಿಗಾದರೂ ಪ್ರವೇಶ ಬೇಕೆಂದು ಬರಹದಲ್ಲಿ ಕೇಳಿಕೊಳ್ಳಿ. ಕೊಡದಿದ್ದರೆ ಕೂಗಾಡಿ. ಇನ್ನೊಂದು, ಕಾರಿಗೆ ಹತ್ತುವ ಹುಡುಗನ ಕಿವಿಗೆ ಒಬ್ಬರೇ ಮಾತಾಡಬೇಕು, ಅವರು ಮನೆಯವರಾಗಿರಬಾರದು. ನಾನೂ ಸೇರಿ.

ಭಾವನವರು ಮುಂದಿನ ರೌಂಡಿಗೆ ಪ್ಯಾಡಕ್ ಪಾಸ್ ಬೇಕೆಂದು ತಮ್ಮನ ಮೂಲಕ ಹೇಳಿಕಳಿಸಿದ್ದಾರೆ. ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ನೆರಳಿರುವ ಕಡೆ ಒಳ್ಳೆಯ ಸೀಟು ಬುಕ್ ಮಾಡಿದ್ದೇನೆ.