ಈ ವಯಸ್ಸಿನಲ್ಲಿ ಲಸಿಕೆ ಬೇಕೆ?

ನೀವು ಬರೆದಂತೆ ನಿಮ್ಮ ತಂದೆಗೆ 72 ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ‘ಈ ವಯಸ್ಸಿಗೆ ಲಸಿಕೆ ಯಾಕೆ?’ ಎಂದು ನರ್ಸ್ ಹೇಳಿದ್ದರಲ್ಲಿ ಉಡಾಫೆಗಿಂತ ರೂಢಿಯ ಪಾಲೇ ಹೆಚ್ಚಿರಬಹುದು. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮುಖ್ಯವಾಗಿ ಮಕ್ಕಳು, ಗರ್ಭಿಣಿಯರಿಗಾಗಿ ಇರುವುದರಿಂದ ಸಿಬ್ಬಂದಿಯ ಗಮನವೂ ಅತ್ತಲೇ. ಆದರೆ ವಯಸ್ಸಾದಂತೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯಿದ್ದವರಲ್ಲಿ ಫ್ಲೂ, ನ್ಯುಮೋನಿಯಾ ಉಲ್ಬಣಿಸುವ ಅಪಾಯ ಜಾಸ್ತಿ.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಬೇಕು. ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇರುವುದಿಲ್ಲ, ಹಾಗಾಗಿ ಅದರಿಂದ ಫ್ಲೂ ಬರದು. ಒಂದೆರಡು ದಿನ ತೋಳುನೋವು, ಮೈಬಿಸಿ ಇರಬಹುದು. ನ್ಯುಮೋನಿಯಾ ತಡೆಗೆ ಕೊಡುವ ನ್ಯುಮೊಕಾಕಲ್ ಮತ್ತು ಸರ್ಪಸುತ್ತಿನ ಲಸಿಕೆಗಳ ಬಗ್ಗೆಯೂ ಸಕ್ಕರೆ ಕಾಯಿಲೆಗೆ ಚಿಕಿತ್ಸೆ ನೀಡುವ ವೈದ್ಯರನ್ನೇ ನೇರವಾಗಿ ಕೇಳಿ. ಹೋಗುವಾಗ ಮಾತ್ರೆ ಚೀಟಿ ಜೊತೆಗಿರಲಿ. ಅಲರ್ಜಿ ಇದ್ದರೆ ಮೊದಲೇ ತಿಳಿಸಿ.