ನೆಲದಡಿಯ ಕೊಳವೆ, ಬಂಡೆಯೊಳಗಿನ ತೈಲ: ವರ್ತಕರು ಅರಿತಿರಬೇಕಾದ ಕೆಲವು ಸಂಗತಿಗಳು

ಬ್ಯಾಡಗಿಯ ಪ್ರಾಂಗಣಕ್ಕೆ ಮೆಣಸಿನಕಾಯಿಯ ಆವಕ ಹೆಚ್ಚುವ ತಿಂಗಳುಗಳಲ್ಲಿ ದಲಾಲರೂ ಖರೀದಿದಾರರೂ ಲಾರಿ ಬಾಡಿಗೆಯ ಬಗ್ಗೆ ದಿನಗಟ್ಟಲೆ ಚೌಕಾಶಿ ಮಾಡುತ್ತಾರೆ. ಆ ಬಾಡಿಗೆಯನ್ನು ನಿರ್ಧರಿಸುವ ಡೀಸೆಲ್ ಎಲ್ಲಿ ಸಂಗ್ರಹವಾಗಿ, ಯಾವ ಮಾರ್ಗದಲ್ಲಿ ಬರುತ್ತದೆಂಬುದು ಮಾತ್ರ ಚರ್ಚೆಗೆ ಬರುವುದು ವಿರಳ. ರಾಣೆಬೆನ್ನೂರಿನ ಬೀಜ ಸಂಸ್ಕರಣಾ ಘಟಕವಾಗಲಿ, ಹಾವೇರಿಯ ಹತ್ತಿ ಜಿನ್ನಿಂಗ್ ಕಾರ್ಖಾನೆಯಾಗಲಿ ಇಂಧನದ ಬೆಲೆಯಿಂದ ಹೊರತಾಗಿಲ್ಲ. ಆದುದರಿಂದ ಈ ವಿಷಯದ ಸ್ಥೂಲ ಪರಿಚಯವೂ, ಅದಕ್ಕೆ ಸಂಬಂಧಿಸಿದ ಕಾನೂನು ಮತ್ತು ತೆರಿಗೆಯ ಅಂಶಗಳೂ ವರ್ತಕರಿಗೆ ಉಪಯುಕ್ತವಾಗಿವೆ.

ದೇಶದ ಮೂರು ಭೂಗತ ಕಚ್ಚಾತೈಲ ಸಂಗ್ರಹಾಗಾರಗಳಲ್ಲಿ ಎರಡು ಕರ್ನಾಟಕದ ಕರಾವಳಿಯಲ್ಲಿವೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಾಗೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಒಟ್ಟು 53.3 ಲಕ್ಷ ಟನ್ ಸಾಮರ್ಥ್ಯವಿದೆ. 2019-20ರ ಬಳಕೆಯ ಲೆಕ್ಕದಲ್ಲಿ ಇದು ಸುಮಾರು 9.5 ದಿನಗಳ ಅಗತ್ಯಕ್ಕೆ ಸಾಕಾಗುತ್ತದೆಂದು ಸರ್ಕಾರ ತಿಳಿಸಿದೆ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ ಸಂಗ್ರಹಕ್ಕೆ 2021ರ ಜುಲೈನಲ್ಲಿ ಅನುಮೋದನೆ ದೊರೆಯಿತು. ಇದಲ್ಲದೆ ಅಡುಗೆ ಅನಿಲಕ್ಕಾಗಿಯೇ 80,000 ಟನ್ ಸಾಮರ್ಥ್ಯದ ಗುಹೆಯನ್ನು ಮಂಗಳೂರಿನಲ್ಲಿ ಕೊರೆಯಲಾಗಿದೆ.

ಈ ಗುಹೆಗಳ ಒಳಗೋಡೆಗೆ ಉಕ್ಕಿನ ಹೊದಿಕೆಯಿಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಗಟ್ಟಿ ಬಂಡೆಯನ್ನು ಅಂತರ್ಜಲ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಕೊರೆಯಲಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ನಿಂತ ನೀರಿನ ಒತ್ತಡವು ಒಳಗಿನ ತೈಲ ಮತ್ತು ಆವಿಯ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಗೆ ಹೋಗುವುದಿಲ್ಲ. ಗುಹೆಯ ಮೇಲ್ಭಾಗದಲ್ಲಿ ಸಣ್ಣ ಸುರಂಗಗಳನ್ನು ತೋಡಿ, ಅವುಗಳಿಂದ ರಂಧ್ರಗಳನ್ನು ಕೊರೆದು, ಸದಾ ನೀರು ತುಂಬಿರುವಂತೆ ನೋಡಿಕೊಳ್ಳುತ್ತಾರೆ. ಇದಕ್ಕೆ ನೀರಿನ ಪರದೆ ಎಂದು ಹೆಸರು. ಜಿನುಗಿದ ನೀರು ತೈಲಕ್ಕಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಅದನ್ನು ಪಂಪಿನಿಂದ ಹೊರತೆಗೆಯಲಾಗುತ್ತದೆ. ಹೀಗಾಗಿ ಗುಹೆಯ ನಿರ್ವಹಣೆಯೆಂದರೆ ಬಹುಮಟ್ಟಿಗೆ ಅಂತರ್ಜಲದ ನಿರ್ವಹಣೆಯೇ. ಸುತ್ತಲಿನ ವೀಕ್ಷಣಾ ಬಾವಿಗಳ ನೀರಿನ ಮಟ್ಟ, ಹೊರಬರುವ ನೀರಿನ ಪ್ರಮಾಣ ಇವೆರಡನ್ನೂ ನಿರಂತರವಾಗಿ ದಾಖಲಿಸಬೇಕಾಗುತ್ತದೆ. ಬೋರ್‌ವೆಲ್ಲುಗಳ ಆಳ ವರ್ಷದಿಂದ ವರ್ಷಕ್ಕೆ ಹೆಚ್ಚುವುದನ್ನು ಕಂಡಿರುವ ಬಯಲುಸೀಮೆಯವರಿಗೆ ಈ ಎಚ್ಚರಿಕೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ.

ದರ ಇಳಿದಾಗ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿಡುವ ಮೆಣಸಿನಕಾಯಿ ವ್ಯಾಪಾರಿಯ ನೀತಿಯೇ ಇಲ್ಲಿಯೂ ಇದೆ. 2020ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಕಚ್ಚಾತೈಲದ ದರ ಕುಸಿದಾಗ ಬ್ಯಾರಲ್ಲಿಗೆ ಸರಾಸರಿ 19 ಡಾಲರಿನಂತೆ ಈ ಗುಹೆಗಳನ್ನು ತುಂಬಿಸಿ, ಸುಮಾರು 5,000 ಕೋಟಿ ರೂಪಾಯಿ ಉಳಿಸಲಾಯಿತೆಂದು ಸರ್ಕಾರ ಹೇಳಿಕೊಂಡಿತು. ಆದರೆ ಗುಹೆಯ ಮುಖ್ಯ ಉದ್ದೇಶ ಲಾಭವಲ್ಲ, ಅಭಾವ ಕಾಲದ ರಕ್ಷಣೆ. ಉಳಿತಾಯವು ಸಮಯ ಒದಗಿಸಿಕೊಟ್ಟ ಪ್ರಯೋಜನವಷ್ಟೆ.

ಕೊಳವೆಮಾರ್ಗಗಳ ಸ್ಥಿತಿ ಬೇರೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲಿಯಂ ಉತ್ಪನ್ನಗಳ ಕೊಳವೆಮಾರ್ಗವಿದೆ. ದಾಭೋಳ-ಬೆಂಗಳೂರು ನೈಸರ್ಗಿಕ ಅನಿಲದ ಮಾರ್ಗವು 2013ರಲ್ಲಿ ಕಾರ್ಯಾರಂಭ ಮಾಡಿದ್ದು, ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ ಜಿಲ್ಲೆಗಳನ್ನು, ಅಂದರೆ ಹಾವೇರಿಯ ನೆರೆಹೊರೆಯನ್ನು ಹಾದುಹೋಗುತ್ತದೆ. ನೆಲದಲ್ಲಿ ಹೂಳಿದ ಉಕ್ಕಿಗೆ ತುಕ್ಕೇ ಮೊದಲ ವೈರಿ. ಕೊಳವೆಯ ಹೊರಮೈಗೆ ಪಾಲಿಎಥಿಲೀನ್ ಲೇಪನ ಕೊಡುತ್ತಾರೆ. ಲೇಪನ ಎಲ್ಲಿಯಾದರೂ ಕಿತ್ತುಹೋದರೆ ಆ ಜಾಗ ತುಕ್ಕು ಹಿಡಿಯದಂತೆ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸುವ ಕ್ಯಾಥೋಡಿಕ್ ರಕ್ಷಣೆ ಇರುತ್ತದೆ. ಒಳಮೈಯ ಪರೀಕ್ಷೆಗೆ 'ಪಿಗ್' ಎಂಬ ಉಪಕರಣವನ್ನು ಹರಿವಿನ ಜೊತೆಯಲ್ಲೇ ಕಳುಹಿಸಿ, ಕಾಂತಕ್ಷೇತ್ರದ ಸಹಾಯದಿಂದ ಗೋಡೆ ಎಲ್ಲಿ ತೆಳುವಾಗಿದೆಯೆಂದು ಅಳೆಯುತ್ತಾರೆ.

ಇವುಗಳಲ್ಲಿ ಉದಾಸೀನ ತೋರಿದರೆ ಏನಾಗುತ್ತದೆಂಬುದಕ್ಕೆ 2014ರ ಜೂನ್ 27ರಂದು ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಸಂಭವಿಸಿದ ಸ್ಫೋಟವೇ ಸಾಕ್ಷಿ. ಒಣ ಅನಿಲಕ್ಕೆಂದು ಹಾಕಿದ್ದ ಮಾರ್ಗದಲ್ಲಿ ತೇವಾಂಶವುಳ್ಳ ಅನಿಲ ಹರಿದು, ಒಳಗಿನಿಂದಲೇ ಕೊಳವೆ ಸವೆದಿತ್ತು. 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಇನ್ನು ಕಳ್ಳತನದ ಅಪಾಯ: 2021ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಡೀಸೆಲ್ ಕೊಳವೆಗೆ ರಂಧ್ರ ಕೊರೆದು ಇಂಧನ ಕದ್ದ ಪ್ರಕರಣ ಬೆಳಕಿಗೆ ಬಂದಿತು.

ನಿವೇಶನ ಕೊಳ್ಳುವವರು ಹೆಚ್ಚು ಗಮನ ಕೊಡಬೇಕಾದುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಅಧಿನಿಯಮಕ್ಕೆ. ಇದರಡಿ ಸರ್ಕಾರ ಭೂಮಿಯನ್ನು ಕೊಳ್ಳುವುದಿಲ್ಲ; ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಮೊದಲಿಗೆ 3ನೆಯ ಕಲಮಿನ ಅಧಿಸೂಚನೆ, 21 ದಿನಗಳೊಳಗೆ ಆಕ್ಷೇಪಣೆಗೆ ಅವಕಾಶ, ತರುವಾಯ 6ನೆಯ ಕಲಮಿನ ಘೋಷಣೆ. ಮಾಲೀಕತ್ವ ರೈತನಲ್ಲಿಯೇ ಉಳಿಯುತ್ತದೆ, ಬೆಳೆಯನ್ನೂ ತೆಗೆಯಬಹುದು. ಆದರೆ 9ನೆಯ ಕಲಮಿನಂತೆ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬಳಕೆಯ ಹಕ್ಕಿಗಾಗಿ ಕೊಡುವ ಪರಿಹಾರ ಮಾರುಕಟ್ಟೆ ಬೆಲೆಯ ಶೇ. 10 ಮಾತ್ರ, ಬೆಳೆ ಮತ್ತು ಮರಗಳ ನಷ್ಟ ಪ್ರತ್ಯೇಕ. ಹೆದ್ದಾರಿಯ ಬದಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಎರಡು ಎಕರೆ ಕೊಂಡು, ಗೋದಾಮಿನ ನಕ್ಷೆ ಮಂಜೂರಾತಿಗೆ ಹೋದಾಗ ನಡುವೆ ಕೊಳವೆಪಟ್ಟಿ ಇರುವುದು ತಿಳಿದರೆ, ಬ್ಯಾಂಕಿನ ಸಾಲವೂ ಅಲ್ಲಿಗೇ ನಿಲ್ಲುತ್ತದೆ. ಪಹಣಿಯ ಇತರ ಹಕ್ಕುಗಳ ಕಾಲಂ ಖಾಲಿಯಿದೆಯೆಂದು ಸಮಾಧಾನಪಡುವುದು ಸರಿಯಲ್ಲ. ಸರ್ವೆ ನಂಬರನ್ನು ರಾಜಪತ್ರದ ಅಧಿಸೂಚನೆಗಳೊಡನೆ ತಾಳೆ ನೋಡಿ, ಸ್ಥಳದಲ್ಲಿ ಗುರುತಿನ ಕಂಬಗಳಿವೆಯೇ ಎಂದು ಪರಿಶೀಲಿಸಿದ ನಂತರವೇ ಮುಂಗಡ ಕೊಡುವುದು ಕ್ಷೇಮ.

ಕೊಳವೆ ಅನಿಲಕ್ಕೆ ಬದಲಾಯಿಸಲು ಯೋಚಿಸುವ ತಯಾರಕರು ಯೂನಿಟ್ ದರವೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ವಾಣಿಜ್ಯ ಎಲ್‌ಪಿಜಿ ಜಿಎಸ್‌ಟಿ ವ್ಯಾಪ್ತಿಯಲ್ಲಿರುವುದರಿಂದ ತೆರಿಗೆ ವಿಧಿಸಬಹುದಾದ ಸರಕಿನ ಉತ್ಪಾದನೆಗೆ ಬಳಸಿದರೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಡೀಸೆಲ್, ನೈಸರ್ಗಿಕ ಅನಿಲ ಎರಡೂ ಜಿಎಸ್‌ಟಿಯ ಹೊರಗಿದ್ದು, ಅವುಗಳ ಮೇಲೆ ತೆತ್ತ ವ್ಯಾಟ್ ನೇರವಾಗಿ ವೆಚ್ಚವಾಗುತ್ತದೆ. ಇನ್ನೊಂದು ಅಂಶ ಬಹುತೇಕ ಮರೆತುಹೋಗುತ್ತದೆ: ಸಿಜಿಎಸ್‌ಟಿ ಅಧಿನಿಯಮದ 17ನೆಯ ಕಲಮಿನ ವಿವರಣೆಯು ಕಾರ್ಖಾನೆಯ ಆವರಣದ ಹೊರಗೆ ಹಾಕಿದ ಕೊಳವೆಗಳನ್ನು ಯಂತ್ರೋಪಕರಣಗಳ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆವರಣದ ಒಳಗಿನ ಮತ್ತು ಹೊರಗಿನ ಕಾಮಗಾರಿಗೆ ಗುತ್ತಿಗೆದಾರನಿಂದ ಪ್ರತ್ಯೇಕ ಬಿಲ್ಲು ಪಡೆಯದಿದ್ದರೆ ಒಳಗಿನ ಭಾಗದ ಜಮೆಯೂ ವಿವಾದಕ್ಕೆ ಸಿಲುಕುವ ಸಂಭವವಿದೆ.

ಜನರೇಟರಿಗೆಂದು ಆವರಣದಲ್ಲಿಯೇ ಡೀಸೆಲ್ ಇಟ್ಟುಕೊಳ್ಳುವವರಿಗೆ 1934ರ ಪೆಟ್ರೋಲಿಯಂ ಅಧಿನಿಯಮ ಅನ್ವಯಿಸುತ್ತದೆ. ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರು ಮೀರದಂತೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಾಗಿರದಂತೆ ಇಟ್ಟರೆ ಪರವಾನಗಿ ಬೇಕಿಲ್ಲ. ಎರಡೂ ಷರತ್ತುಗಳು ಒಟ್ಟಿಗೆ ಪಾಲನೆಯಾಗಬೇಕು. 2,000 ಲೀಟರಿನ ಒಂದೇ ಟ್ಯಾಂಕು ಈ ವಿನಾಯಿತಿಯೊಳಗೆ ಬರುವುದಿಲ್ಲ. ಅಗ್ನಿ ವಿಮೆಯ ಪ್ರಸ್ತಾವ ಪತ್ರದಲ್ಲಿ ಈ ದಾಸ್ತಾನನ್ನು ನಮೂದಿಸದಿದ್ದರೆ, ಪಕ್ಕದ ಗೋದಾಮಿನಲ್ಲಿರುವ ಮೆಣಸಿನಕಾಯಿ ಸುಟ್ಟ ದಿನ ವಿಮಾ ಕಂಪನಿಯ ಸರ್ವೇಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದಾಗಿರುತ್ತದೆ.